ಕರುಳಿನ ಸಿಟಿ ಆಂಜಿಯೋ: ಚೀಟಿ ಸರಿಯಾಗಿ ಬರೆದರೆ ಕಾಸಿಗೆ ತಕ್ಕ ಪರೀಕ್ಷೆ

ಹೊಟ್ಟೆನೋವು ಅಂದ ಕೂಡಲೇ ನಮ್ಮಲ್ಲಿ ಮೊದಲು ಬಾಯಿಗೆ ಬರುವ ಪದ ಗ್ಯಾಸ್. ಹತ್ತರಲ್ಲಿ ಒಂಬತ್ತು ಸಲ ಅದು ಗ್ಯಾಸೇ ಆಗಿರಬಹುದು. ಆದರೆ ವಯಸ್ಸಾದವರು, ಅದರಲ್ಲೂ ಹೃದಯ ಬಡಿತದ ತಾಳ ತಪ್ಪಿದವರು ಅಥವಾ ಕವಾಟದ ಕಾಯಿಲೆ ಇರುವವರು, ಇದ್ದಕ್ಕಿದ್ದಂತೆ ಹೊಟ್ಟೆ ಹಿಡಿದುಕೊಂಡು ಹೊರಳಾಡುತ್ತಿದ್ದಾರೆ, ಒತ್ತಿ ನೋಡಿದರೆ ಹೊಟ್ಟೆ ಮಾತ್ರ ಮೆತ್ತಗೇ ಇದೆ ಎಂದಾದರೆ ಎಚ್ಚರ ಬೇಕು. ನೋವಿಗೂ ಕೈಗೆ ಸಿಗುವ ಲಕ್ಷಣಕ್ಕೂ ತಾಳೆಯಾಗದಿರುವುದೇ ಕರುಳಿಗೆ ರಕ್ತ ನಿಂತಿರುವುದರ ಮೊದಲ ಸುಳಿವು. ವಾಂತಿ, ಒಂದೆರಡು ಸಲ ಭೇದಿ ಜೊತೆಗಿದ್ದರಂತೂ ಫುಡ್ ಪಾಯ್ಸನ್ ಎಂದು ಡ್ರಿಪ್ ಹಾಕಿ ಮಲಗಿಸುವುದೇ ಹೆಚ್ಚು. ರಕ್ತ ಪೂರ್ತಿ ನಿಂತ ಕರುಳು ಸುಮಾರು ಆರು ಗಂಟೆಯಲ್ಲಿ ಸರಿಪಡಿಸಲಾಗದಷ್ಟು ಕೆಡಬಲ್ಲದು.

ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವ ಸೇವೆ ಹೊಟ್ಟೆಯ ಸಿಟಿ ಆಂಜಿಯೋಗ್ರಾಮ್, ಅಂದರೆ ರಕ್ತನಾಳ ಬೆಳ್ಳಗೆ ಕಾಣಿಸುವ ದ್ರವ (ಡೈ) ಚುಚ್ಚಿ ತೆಗೆಯುವ ಸಿಟಿ ಸ್ಕ್ಯಾನ್. ಹಠಾತ್ ಕಾಯಿಲೆಯಲ್ಲಿ ಇದಕ್ಕೆ ಸರಿಸಾಟಿ ಇಲ್ಲ. ಆದರೆ ಕೇಳುವ ರೀತಿ ತಪ್ಪಿದರೆ ಅದೇ ಯಂತ್ರ, ಅದೇ ಡೈ, ಅದೇ ಖರ್ಚಿನಲ್ಲಿ ಏನೂ ಹೇಳದ ಚಿತ್ರ ಕೈಗೆ ಬರುತ್ತದೆ.

ಉಳಿದ ಪರೀಕ್ಷೆಗಳು ಎಲ್ಲಿ ಸೋಲುತ್ತವೆ ಎಂದು ಮೊದಲು ನೋಡೋಣ. ಎಕ್ಸ್-ರೇ ಆರಂಭದಲ್ಲಿ ಸ್ವಚ್ಛವಾಗಿರುತ್ತದೆ. ಅದರಲ್ಲಿ ಏನಾದರೂ ಕಾಣುವ ಹೊತ್ತಿಗೆ ಕರುಳು ಸತ್ತಿರುತ್ತದೆ. ಅಲ್ಟ್ರಾಸೌಂಡ್‌ಗೆ ಗಾಳಿ ತುಂಬಿದ, ನೋಯುವ ಹೊಟ್ಟೆಯಲ್ಲಿ ರಕ್ತನಾಳ ಸಿಗುವುದೇ ಕಷ್ಟ. ‘ಸ್ಕ್ಯಾನಿಂಗ್ ನಾರ್ಮಲ್’ ಎಂಬ ಸಮಾಧಾನದಲ್ಲಿ ಕಳೆದುಹೋಗುವ ಸಮಯಕ್ಕೆ ಲೆಕ್ಕವಿಲ್ಲ. ಆಮ್ಲಜನಕ ಸಿಗದ ಅಂಗ ಹೊರಬಿಡುವ ಲ್ಯಾಕ್ಟೇಟ್ ರಕ್ತದಲ್ಲಿ ಏರಿದ್ದರೆ ಗಂಭೀರ, ನಿಜ. ಆದರೆ ಕರುಳಿಂದ ಹೊರಟ ಲ್ಯಾಕ್ಟೇಟನ್ನು ಲಿವರ್ ದಾರಿಯಲ್ಲೇ ಹೀರಿಕೊಳ್ಳುವುದರಿಂದ ಮೊದಮೊದಲು ಅದು ಮಾಮೂಲಾಗಿಯೇ ಇರಬಹುದು. ಹೆಪ್ಪು ಕರಗುವಾಗ ರಕ್ತಕ್ಕೆ ಸೇರುವ ಡಿ-ಡೈಮರ್ ಮಾಮೂಲಿದ್ದರೆ ಈ ಕಾಯಿಲೆಯ ಸಾಧ್ಯತೆ ಕಡಿಮೆಯಾಗುತ್ತದೆ, ಏರಿದ್ದರೆ ನೂರು ಕಾರಣ. ಇವ್ಯಾವುದಕ್ಕೂ ಕಾಯುತ್ತ ಸಿಟಿ ತಡ ಮಾಡುವುದರಲ್ಲಿ ಅರ್ಥವಿಲ್ಲ.

ಇನ್ನು ಸ್ಕ್ಯಾನಿಗೆ ಡಾಕ್ಟರು ಬರೆದುಕೊಡುವ ಚೀಟಿಯ ವಿಷಯ. ‘ಸಿಟಿ ಅಬ್ಡೊಮೆನ್, ಹೊಟ್ಟೆನೋವು’ ಎಂದಷ್ಟೇ ಬರೆದು ಕಳಿಸಿದರೆ ಟೆಕ್ನೀಷಿಯನ್ ಮಾಮೂಲಿನಂತೆ ಕುಡಿಯುವ ಡೈ ಕೊಟ್ಟು ಒಂದೇ ಹಂತದ ಸ್ಕ್ಯಾನ್ ಮಾಡಬಹುದು. ಕುಡಿಯುವ ಡೈ ಇಲ್ಲಿ ಎರಡು ರೀತಿ ಕೆಡುಕು: ಕುಡಿದು ಕಾಯಲು ಗಂಟೆಗಟ್ಟಲೆ ಹೋಗುತ್ತದೆ, ಕರುಳಿನೊಳಗೆ ಬೆಳ್ಳಗೆ ತುಂಬಿಕೊಂಡು, ಗೋಡೆಗೆ ರಕ್ತ ಬರುತ್ತಿದೆಯೋ ಇಲ್ಲವೋ ಎಂಬುದನ್ನೇ ಮುಚ್ಚಿಹಾಕುತ್ತದೆ. ಚೀಟಿಯಲ್ಲಿ ಇರಬೇಕಾದದ್ದು ಇಷ್ಟು: ಕರುಳಿನ ರಕ್ತನಾಳ ಕಟ್ಟಿರುವ ಶಂಕೆ, ಸಿಟಿ ಆಂಜಿಯೋ, ಅಪಧಮನಿ ಹಂತ (ಡೈ ಕರುಳಿಗೆ ಹೋಗುವಾಗಿನ ಚಿತ್ರ) ಮತ್ತು ಪೋರ್ಟಲ್ ಅಭಿಧಮನಿ ಹಂತ (ಕರುಳು ದಾಟಿ ಲಿವರ್ ಕಡೆ ಮರಳುವಾಗಿನ ಚಿತ್ರ) ಎರಡೂ ಬೇಕು, ಕುಡಿಯುವ ಡೈ ಬೇಡ. ನೋವು ಎಷ್ಟು ಗಂಟೆಗೆ ಶುರುವಾಯಿತು ಎಂದೂ ಬರೆದರೆ ರೇಡಿಯಾಲಜಿಸ್ಟ್ ಚಿತ್ರ ನೋಡುವ ಕಣ್ಣೇ ಬೇರೆಯಾಗುತ್ತದೆ.

ಮೊಣಕೈ ಮಡಿಕೆಯ ನಾಳಕ್ಕೆ 18 ಅಥವಾ 20 ಗೇಜಿನ ಕ್ಯಾನುಲಾ (ಡೈ ಹರಿಸುವ ಸೂಜಿನಳಿಕೆ; ಗೇಜ್ ಅಂಕಿ ಹೆಚ್ಚಿದಷ್ಟೂ ಸಣ್ಣದು) ಬೇಕು. ಅಂಗೈ ಹಿಂದೆ ಹಾಕಿದ 22ರ ನೀಲಿ ಕ್ಯಾನುಲಾ ಸೆಕೆಂಡಿಗೆ 4-5 ಮಿ.ಲೀ. ವೇಗಕ್ಕೆ ತಾಳುವುದಿಲ್ಲ, ವೇಗ ಇಳಿಸಿದರೆ ಅಪಧಮನಿ ಮಂಕಾಗಿ ಬರುತ್ತದೆ. ಡೈ ಸುಮಾರು 100 ಮಿ.ಲೀ. ಮಹಾಪಧಮನಿಯಲ್ಲಿ ಡೈ ಏರುವುದನ್ನು ಯಂತ್ರವೇ ಗಮನಿಸಿ ಮೊದಲ ಹಂತ ತೆಗೆಯುತ್ತದೆ, ಸುಮಾರು 70ನೇ ಸೆಕೆಂಡಿಗೆ ಎರಡನೆಯದು. ಚಿತ್ರ ತೆಗೆಯುವ ಕೆಲಸ ಕೆಲವೇ ನಿಮಿಷದ್ದು.

ಈಗ ಪರದೆಯ ಮೇಲೆ. ರೋಗಿಯನ್ನು ಬದಿಯಿಂದ ಸೀಳಿ ನೋಡಿದಂಥ ಸ್ಯಾಜಿಟಲ್ ಚಿತ್ರವನ್ನೇ ಮೊದಲು ತೆರೆಯಬೇಕು. ಬೆನ್ನುಮೂಳೆಯ ಮುಂದೆ ಬೆಳ್ಳಗೆ ಇಳಿಯುವ ಮಹಾಪಧಮನಿ. ಅದರಿಂದ ಮುಂದಕ್ಕೆ ಹೊರಡುವ ಸೀಲಿಯಾಕ್ (ಜಠರ, ಲಿವರ್ ಕಡೆಯ ಅಪಧಮನಿ). ಅದರ ತುಸು ಕೆಳಗೆ ಹೊರಟು ಕೆಳಮುಖವಾಗಿ ಬಾಗುವ, ಕರುಳಿನ ಮುಖ್ಯ ಅಪಧಮನಿಯಾದ ಎಸ್‌ಎಂಎ. ಸಣ್ಣ ಕರುಳಿನ ಬಹುಪಾಲು, ದೊಡ್ಡ ಕರುಳಿನ ಬಲಭಾಗ ಈ ಒಂದು ನಾಳದ ಋಣದಲ್ಲಿವೆ. ಹೃದಯದಿಂದ ಹಾರಿ ಬಂದ ಹೆಪ್ಪಾದರೆ, ಬಿಳಿ ಗೆರೆ ಬುಡದಿಂದ ಮೂರರಿಂದ ಹತ್ತು ಸೆಂ.ಮೀ. ಚೆನ್ನಾಗಿ ಹರಿದು, ಕಾಲುವೆಗೆ ತೂಬು ಇಳಿಸಿದ ಹಾಗೆ ಗಕ್ಕನೆ ನಿಂತಿರುತ್ತದೆ. ಹಳೆಯ ಕೊಬ್ಬು-ಸುಣ್ಣದ ಕಟ್ಟಿನ ಮೇಲೆ ಹೆಪ್ಪುಗಟ್ಟಿದ್ದರೆ ಬುಡದಲ್ಲೇ ಬಂದ್. ಈ ವ್ಯತ್ಯಾಸದ ಮೇಲೆ ಚಿಕಿತ್ಸೆಯೇ ಬದಲಾಗುತ್ತದೆ, ಆದ್ದರಿಂದ ರಿಪೋರ್ಟಿನಲ್ಲಿ ‘ಎಸ್‌ಎಂಎ ಬ್ಲಾಕ್’ ಎಂದಷ್ಟೇ ಇದ್ದರೆ ಅದು ಅರ್ಧ ರಿಪೋರ್ಟು. ಅಪಧಮನಿ ಕಟ್ಟಿದಾಗ ಕರುಳಿನ ಗೋಡೆ ಕಾಗದದಂತೆ ತೆಳ್ಳಗೆ, ಡೈ ಹಿಡಿಯದೆ ಕಪ್ಪಗೆ ಕಾಣಬಹುದು; ಅಭಿಧಮನಿ ಕಟ್ಟಿದ್ದರೆ ಗೋಡೆ ಊದಿಕೊಂಡಿರುತ್ತದೆ. ಗೋಡೆಯೊಳಗೆ ಗಾಳಿ, ಲಿವರ್‌ನ ಪೋರ್ಟಲ್ ನಾಳದಲ್ಲಿ ಗಾಳಿ ಕಂಡರೆ ಸಾಮಾನ್ಯವಾಗಿ ತಡವಾಗಿದೆ ಎಂದರ್ಥ.

ಈ ಸೇವೆಯಲ್ಲಿ ನಮಗೆ ಅತಿ ಕಿರಿಕಿರಿಯ ಸಂಗತಿ, ಡೈ ಕಿಡ್ನಿಗೆ ಕೆಡುಕೆಂಬ ಭಯದಿಂದ ಬಂದ ಕ್ರಿಯಾಟಿನಿನ್ (ಕಿಡ್ನಿಯ ರಕ್ತಪರೀಕ್ಷೆ) ಕಟ್ಟಳೆ. ರಿಪೋರ್ಟ್ ಬಂದ ಮೇಲೆಯೇ ಡೈ, 1.5 ದಾಟಿದ್ದರೆ ಇಲ್ಲವೇ ಇಲ್ಲ ಎಂಬುದು ಹಲವೆಡೆ ನಡೆದುಬಂದ ಪದ್ಧತಿ. ಬೇರೆ ಕಾಯಿಲೆಗೆ ಆ ಎಚ್ಚರಿಕೆ ಇರಲಿ. ಇಲ್ಲಿ ಕಿಡ್ನಿ ಉಳಿಸಲು ಹೋಗಿ ಮನುಷ್ಯನನ್ನೇ ಕಳೆದುಕೊಳ್ಳುವ ಲೆಕ್ಕ ಅದು. ಕ್ರಿಯಾಟಿನಿನ್ ಹೆಚ್ಚಿದ್ದರೂ ಶಂಕೆ ಬಲವಾಗಿದ್ದರೆ ಸ್ಕ್ಯಾನ್ ಮಾಡಬೇಕೆಂದು ತುರ್ತು ಶಸ್ತ್ರಚಿಕಿತ್ಸಾ ಮಾರ್ಗಸೂಚಿಗಳೇ ಹೇಳುತ್ತವೆ. ಎರಡನೆಯ ತಕರಾರು, ಕಡಿಮೆ ಖರ್ಚೆಂದು ‘ಪ್ಲೇನ್ ಸಿಟಿ’ಗೆ ಒಪ್ಪಿಕೊಳ್ಳುವುದು. ಡೈ ಇಲ್ಲದೆ ನಾಳದೊಳಗಿನ ಹೆಪ್ಪು ಸಾಮಾನ್ಯವಾಗಿ ಕಾಣುವುದಿಲ್ಲ. ಆ ಹಣ ನೀರಿಗೆ ಹಾಕಿದಂತೆ. ಪರೀಕ್ಷೆಗೂ ಮಿತಿಯಿದೆ: ಐಸಿಯುನಲ್ಲಿ ಬಿಪಿ ಬಿದ್ದು, ನಾಳ ತೆರೆದೇ ಇದ್ದರೂ ಕವಲುಗಳು ಸೆಟೆದುಕೊಂಡು ಕರುಳು ಒಣಗುವ ಬಗೆಯೊಂದಿದೆ. ಅಲ್ಲಿ ಚಿತ್ರ ಸುಲಭಕ್ಕೆ ಬಾಯಿ ಬಿಡುವುದಿಲ್ಲ.

ಕಟ್ಟಿರುವುದು ಖಚಿತವಾದ ಕೂಡಲೇ, ರಕ್ತಸ್ರಾವದ ಅಡ್ಡಿಯಿಲ್ಲದಿದ್ದರೆ, ಹೆಪ್ಪು ಬೆಳೆಯದಂತೆ ತಡೆಯುವ ಹೆಪಾರಿನ್: ಕೆ.ಜಿ.ಗೆ 80 ಯೂನಿಟ್ ಒಮ್ಮೆಗೆ, ಆಮೇಲೆ ಗಂಟೆಗೆ ಕೆ.ಜಿ.ಗೆ 18. ಅಂದರೆ 60 ಕೆ.ಜಿ. ವ್ಯಕ್ತಿಗೆ 4,800, ನಂತರ ಗಂಟೆಗೆ 1,080; ಆರು ಗಂಟೆ ಬಿಟ್ಟು ಎಪಿಟಿಟಿ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಪರೀಕ್ಷೆ) ನೋಡಿ ಡೋಸ್ ಸರಿಪಡಿಸುವುದು. ಜೊತೆಗೆ ಧಾರಾಳ ಡ್ರಿಪ್, ಆಂಟಿಬಯೋಟಿಕ್, ಹೊಟ್ಟೆ ಖಾಲಿ ಮಾಡಲು ಮೂಗಿನ ನಳಿಕೆ, ಬಾಯಿಗೆ ಏನೂ ಇಲ್ಲ. ಬಿಪಿ ಏರಿಸಲು, ನಾಳ ಬಿಗಿಸುವ ವಾಸೊಪ್ರೆಸಿನ್ ಹಚ್ಚಿದರೆ ಉಳಿದ ಕವಲುಗಳೂ ಸೆಟೆದುಕೊಳ್ಳುತ್ತವೆ. ಮೊದಲು ನೀರಿನಂಶ ತುಂಬಬೇಕು.

ಹೊಟ್ಟೆ ಗಟ್ಟಿಯಾಗಿದ್ದರೆ ನೇರ ಆಪರೇಷನ್. ನಾಳವನ್ನು ಅಡ್ಡಕ್ಕೆ ಕೊಯ್ದು, ತುದಿಯಲ್ಲಿ ಪುಟ್ಟ ಬಲೂನಿರುವ 3 ಅಥವಾ 4 ಫ್ರೆಂಚ್ ಅಳತೆಯ ಫೋಗಾರ್ಟಿ ಕ್ಯಾತಿಟರ್ ತೂರಿಸಿ ಹೆಪ್ಪನ್ನು ಎಳೆದು ತೆಗೆಯುತ್ತಾರೆ. ಕರುಳು ಕತ್ತರಿಸುವ ಮುನ್ನ ರಕ್ತ ಹರಿಸಿ ಇಪ್ಪತ್ತು-ಮೂವತ್ತು ನಿಮಿಷ ಬಿಸಿ ಬಟ್ಟೆ ಹೊದಿಸಿ ಕಾಯುವುದು ಮುಖ್ಯ. ನೇರಳೆಗಟ್ಟಿದ್ದ ಸುರುಳಿ ಗುಲಾಬಿಗೆ ತಿರುಗಿ ಹುಳುವಿನಂತೆ ಅಲುಗತೊಡಗಿದರೆ ಅಷ್ಟು ಕರುಳು ಉಳಿದಂತೆ. ಅನುಮಾನದ ಭಾಗವನ್ನು ಹಾಗೇ ಬಿಟ್ಟು 24ರಿಂದ 48 ಗಂಟೆಯೊಳಗೆ ಮತ್ತೆ ತೆರೆದು ನೋಡುತ್ತಾರೆ. ‘ಮತ್ತೊಂದು ಆಪರೇಷನ್ ಯಾಕೆ?’ ಎಂದು ಮನೆಯವರು ಕೆರಳುವುದು ಇಲ್ಲೇ. ಉಳಿದ ಸಣ್ಣ ಕರುಳು 200 ಸೆಂ.ಮೀ.ಗಿಂತ ಕಡಿಮೆಯಾದರೆ ಆಹಾರ ಹೀರಿಕೊಳ್ಳುವುದೇ ಕಷ್ಟವಾಗುವುದರಿಂದ ಪ್ರತಿ ಗೇಣಿಗೂ ಬೆಲೆಯಿದೆ. ಕರುಳು ಸತ್ತಿರುವ ಗುರುತಿಲ್ಲದವರಿಗೆ ಕ್ಯಾತ್‌ಲ್ಯಾಬಿನಲ್ಲಿ ಹೆಪ್ಪು ಹೀರಿ ತೆಗೆದು ಸ್ಟೆಂಟ್ ಹಾಕುವ ದಾರಿಯೂ ಇದೆ. ಅಭಿಧಮನಿ ಕಟ್ಟಿದವರಲ್ಲಿ ಹೆಚ್ಚಿನವರಿಗೆ ಹೆಪಾರಿನ್ನೇ ಸಾಕು, ಆಮೇಲೆ ಕನಿಷ್ಠ ಆರು ತಿಂಗಳು ರಕ್ತ ತೆಳುವಾಗಿಸುವ ಮಾತ್ರೆ.

ನಾಳ ಕ್ರಮೇಣ ಕಿರಿದಾಗಿ ನಿಧಾನಕ್ಕೆ ಬರುವ ಬಗೆಯ ಕಥೆ ಬೇರೆ. ಊಟವಾಗಿ 15-30 ನಿಮಿಷಕ್ಕೆ ನೋವು, ತಟ್ಟೆ ಕಂಡರೇ ಭಯ, ಬಟ್ಟೆ ಸಡಿಲವಾಗುವಷ್ಟು ತೂಕ ಇಳಿಕೆ, ಎಂಡೋಸ್ಕೋಪಿ ಎರಡೆರಡು ಸಲ ನಾರ್ಮಲ್. ಇಲ್ಲಿ ಡಾಪ್ಲರ್‌ಗೆ (ರಕ್ತದ ಓಟ ಅಳೆಯುವ ಅಲ್ಟ್ರಾಸೌಂಡ್) ಒಳ್ಳೆಯ ಅಂಕ ಕೊಡಬಹುದು: ರಾತ್ರಿಯಿಂದ ಉಪವಾಸವಿದ್ದು ಬೆಳಗ್ಗೆ ಮಾಡಿಸಿದರೆ, ಎಸ್‌ಎಂಎಯಲ್ಲಿ ರಕ್ತದ ವೇಗ ಸೆಕೆಂಡಿಗೆ 275 ಸೆಂ.ಮೀ., ಸೀಲಿಯಾಕ್‌ನಲ್ಲಿ 200 ದಾಟಿದ್ದರೆ ಶೇ 70 ಅಥವಾ ಹೆಚ್ಚು ಕಿರಿದಾಗಿರುವ ಶಂಕೆ. ಕಾಫಿ ಕುಡಿದು ಹೋದರೆ ಆ ಅಂಕಿಗಳನ್ನು ನಂಬುವಂತಿಲ್ಲ. ಖಚಿತಪಡಿಸಲು ಮತ್ತೆ ಸಿಟಿ ಆಂಜಿಯೋ, ಚಿಕಿತ್ಸೆಗೆ ಬಹುತೇಕ ಸ್ಟೆಂಟ್. ಹೊದಿಕೆಯಿರುವ ಸ್ಟೆಂಟ್ ಹೆಚ್ಚು ಕಾಲ ತೆರೆದಿರುತ್ತದೆ, ದುಬಾರಿಯಾದರೂ ಅದನ್ನೇ ಕೇಳಿ.

ಊರಿಂದ ದೊಡ್ಡ ಆಸ್ಪತ್ರೆಗೆ ಸಾಗಿಸುವವರಿಗೆ ಒಂದು ಮಾತು: ಫಿಲ್ಮ್ ಹಾಳೆಯಲ್ಲಿ ಆಯ್ದ ಕೆಲವು ಚಿತ್ರಗಳಷ್ಟೇ ಇರುತ್ತವೆ, ಸ್ಯಾಜಿಟಲ್ ಅದರಲ್ಲಿ ಇರಲಿಕ್ಕಿಲ್ಲ. ಸಿಡಿಯನ್ನೋ ಲಿಂಕನ್ನೋ ಕೇಳಿ ಪಡೆಯಿರಿ, ಹೆಪಾರಿನ್ ಕೊಟ್ಟ ಹೊತ್ತು ಮತ್ತು ಡೋಸನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಇಲ್ಲದಿದ್ದರೆ ಅಲ್ಲಿ ಇನ್ನೊಮ್ಮೆ ಸ್ಕ್ಯಾನು, ಇನ್ನೊಂದು 100 ಮಿ.ಲೀ. ಡೈ, ಇನ್ನೊಂದು ಗಂಟೆ.