ಗುಜರಿ ಎಂಜಿನ್, ಹಳೇ ಎಂಜಿನ್ ಬೋರಿಂಗ್, ಆಲ್ಟೋ ಎಂಜಿನ್: ಮನೆಯಲ್ಲೇ ಮೂರನ್ನೂ ಮಾಡಿ ನೋಡಿದೆ

ನಾನು ಮೆಕ್ಯಾನಿಕ್ ಅಲ್ಲ. ಪುಣೆ ಹತ್ತಿರ ಭೋಸರಿಯ ಕೈಗಾರಿಕಾ ಪ್ರದೇಶ ಎಂಐಡಿಸಿಯಲ್ಲಿ ಕ್ವಾಲಿಟಿ ಕೆಲಸ. ದಿನವಿಡೀ ಬೇರೆಯವರು ಮಾಡಿದ ಪಾರ್ಟು ಅಳೆಯುವುದೇ ಹೊಟ್ಟೆಪಾಡು. ಹಾಗಿದ್ದೂ ಸ್ವಂತ ಕಾರಿಗೆ ಎಂಜಿನ್ ಕೊಳ್ಳುವಾಗ ಏನೂ ಅಳೆಯದೆ ದುಡ್ಡು ಕೊಟ್ಟು ಬಂದೆ. ಆ ಕಥೆ ಮುಂದೆ ಬರುತ್ತದೆ.

ಕಾರು 1997ರ ಮಾರುತಿ 800. ಕಾರ್ಬುರೇಟರ್, ನಾಲ್ಕು ಗೇರು, ಎಂಎಚ್ 12 ನಂಬರು, ಅಪ್ಪ ಕೊಂಡಿದ್ದು. 2023ರ ಮೇನಲ್ಲಿ ಪುಣೆಯಿಂದ ಹುಬ್ಬಳ್ಳಿಗೆ ಹೊರಟಿದ್ದೆವು. ಖಂಬಾಟ್ಕಿ ಘಾಟ್ ಹತ್ತುವಾಗ ರೇಡಿಯೇಟರಿನ ಕೆಳಗಿನ ಪೈಪು ಒಡೆಯಿತು. ಮುಳ್ಳು ಕೆಂಪಿಗೆ ಹೋಗಿದೆ ಎಂದು ಹೆಂಡತಿ ಹೇಳಿದಳು. ಘಾಟ್ ಒಂದು ಮುಗಿಯಲಿ, ಆಮೇಲೆ ನೋಡೋಣ ಎಂದೆ. ಘಾಟ್ ಮುಗಿಯುವ ಮೊದಲು ಎಂಜಿನ್ ಮುಗಿಯಿತು. ಕಾರು ಟೆಂಪೋ ಹತ್ತಿ ನಿಗಡಿಗೆ, ನಮ್ಮ ಮನೆಗೆ, ವಾಪಸ್ ಬಂತು.

ಗ್ಯಾರೇಜಿನಲ್ಲಿ 45,000 ಹೇಳಿದರು. ಕಾರು ಮಾರಿದರೂ ಅಷ್ಟು ಬರಲ್ಲ, ಅಲ್ವಾ? ಹೊಸ ಎಂಜಿನ್ನಿನ ಮಾತೇ ಬೇಡ. ಹೊಗೆಯ ಹೊಸ ನಿಯಮ ಬಿಎಸ್ 4 ಬಂದಾಗ, 2010ರಲ್ಲೇ, ಪುಣೆಯಂಥ ಊರುಗಳಲ್ಲಿ 800ರ ಮಾರಾಟ ನಿಂತಿತ್ತು. 2014ರ ಜನವರಿಯಲ್ಲಿ ತಯಾರಿಕೆಯೂ ನಿಂತಿತು. ಹಾಗಾಗಿ ಮನೆಯ ಅಂಗಳದಲ್ಲಿ ನಾವೇ ಮಾಡೋಣ ಎಂದು ಕೂತಾಗ ಉಳಿದದ್ದು ಮೂರು ದಾರಿ. ಗುಜರಿಯಿಂದ ಅದೇ ಎಂಜಿನ್ ತಂದು ಹಾಕುವುದು. ನಮ್ಮದನ್ನೇ ಬಿಚ್ಚಿ ಬೋರಿಂಗ್ ಮಾಡಿಸುವುದು, ಅಂದರೆ ಸಿಲಿಂಡರಿನ ಒಳಗನ್ನು ಕೊರೆದು ಹೊಸ ಪಿಸ್ಟನ್ ಹಾಕುವುದು. ಇಲ್ಲವೇ ಕಾರ್ಬುರೇಟರ್ ಬದಲು ಕಂಪ್ಯೂಟರ್ ಲೆಕ್ಕದಲ್ಲಿ ಪೆಟ್ರೋಲ್ ಚಿಮ್ಮಿಸುವ, ಆಲ್ಟೋದ ಎಂಪಿಎಫ್‌ಐ ಎಂಜಿನ್ ಕೂರಿಸುವುದು. ಮೊದಲಿನ ಎರಡನ್ನೂ ನನ್ನ ಕಾರಿಗೇ ಒಂದಾದ ಮೇಲೆ ಒಂದು ಮಾಡಿದೆ. ಮೂರನೆಯದನ್ನು ಇದೇ ಅಂಗಳದಲ್ಲಿ ಭಾವನ 800ಕ್ಕೆ ಮಾಡಿದೆವು. ಭಾವ ತಳೇಗಾಂವದಲ್ಲಿದ್ದಾರೆ, ನನಗಿಂತ ಅವಸರದ ಮನುಷ್ಯ.

ಗುಜರಿ ಎಂಜಿನ್

ಮುಂಬೈ ಕಡೆ ಒಂದು ಗುಜರಿ ಅಂಗಡಿ. ನೆಲದ ಮೇಲೆ ಸಾಲಾಗಿ 800ರ ಎಂಜಿನ್‌ಗಳು. ಮೊದಲು ಅವನು ಓಮ್ನಿ ಎಂಜಿನ್ ತೋರಿಸಿದ, ಎರಡೂ ಒಂದೇ ಸಾಹೇಬ್ ಎಂದ. ಒಂದೇ ಅಲ್ಲ. 796 ಸಿಸಿ ಅದೇ, ಮೂರು ಸಿಲಿಂಡರ್ ಅದೇ. ಆದರೆ ಓಮ್ನಿಯಲ್ಲಿ ಎಂಜಿನ್ ಸೀಟಿನ ಕೆಳಗೆ ಉದ್ದಕ್ಕೆ ಕೂತು ಹಿಂದಿನ ಚಕ್ರ ತಿರುಗಿಸುತ್ತದೆ, 800ರಲ್ಲಿ ಮುಂದೆ ಅಡ್ಡಕ್ಕೆ ಕೂತು ಮುಂದಿನ ಚಕ್ರ. ಸಂಪು (ಎಂಜಿನ್ನಿನ ಕೆಳಗಿನ ಆಯಿಲ್ ತೊಟ್ಟಿ), ಮೌಂಟು (ಎಂಜಿನ್ ಕೂರುವ ಆಧಾರ) ಎಲ್ಲ ಬದಲಾಯಿಸುತ್ತ ಕೂರಬೇಕು. ಇಷ್ಟು ನನಗೆ ಗೊತ್ತಿತ್ತು ಅನ್ನೋ ಹೆಮ್ಮೆಯಲ್ಲೇ ಮುಂದಿನ ತಪ್ಪು ಮಾಡಿದೆ.

800ರದ್ದೇ ಒಂದು ತೋರಿಸಿದ. ಡೀಸೆಲ್‌ನಲ್ಲಿ ತೊಳೆದು ಮೇಲೆ ಕಪ್ಪು ಬಣ್ಣ ಹೊಡೆದಿದ್ದ, ಆಯಿಲ್ ಲೀಕ್ ಎಲ್ಲಿತ್ತು ಎಂದು ದೇವರಿಗೂ ಕಾಣಬಾರದು ಹಾಗೆ. ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಪಾನಾ ಹಾಕಿ, ಪ್ಲಗ್ ತೂತಿನ ಮೇಲೆ ಹೆಬ್ಬೆರಳು ಇಡಿ ಎಂದ. ಇಟ್ಟೆ. ತಿರುಗಿಸಿದ. ಫುಸ್ ಎಂದು ಬೆರಳನ್ನು ತಳ್ಳಿತು. ಮೂರರಲ್ಲೂ ಹಾಗೇ. ನನಗೆ ಖುಷಿಯೋ ಖುಷಿ. ಬೆರಳಿಗೆ ಜೇನಿನ ಹಾಗೆ ದಪ್ಪ ಎಣ್ಣೆ ಅಂಟಿತ್ತು, ಪ್ಯಾಂಟಿಗೆ ಒರೆಸಿಕೊಂಡು 13,000 ಎಣಿಸಿ ಕೊಟ್ಟೆ.

ಹಾಕುವ ಕೆಲಸ ನಿಜಕ್ಕೂ ಸುಲಭ. ಶನಿವಾರ ಬೆಳಿಗ್ಗೆ ಬಾನೆಟ್ ಬಿಚ್ಚಿದ್ದು, ಭಾನುವಾರ ಸಂಜೆ ಸ್ಟಾರ್ಟ್. ಬ್ಯಾಟರಿ, ರೇಡಿಯೇಟರ್, ಚೋಕ್ ಕೇಬಲ್, ಆಕ್ಸಿಲರೇಟರ್ ಕೇಬಲ್, ಕ್ಲಚ್ ಕೇಬಲ್, ಪೆಟ್ರೋಲ್ ಪೈಪು, ಸೈಲೆನ್ಸರ್ ಬೋಲ್ಟು, ನಾಲ್ಕಾರು ವೈರು. ಈ ಕಾರಿನಲ್ಲಿ ಬಿಚ್ಚಲು ಇರುವುದೇ ಅಷ್ಟು. ಗೇರ್‌ಬಾಕ್ಸ್ ಅಲ್ಲೇ ಬಿಟ್ಟು ಎಂಜಿನ್ ಒಂದನ್ನೇ ಎತ್ತಲು ಹೋಗಿ ಮೂರು ತಾಸು ಹಾಳು ಮಾಡಿಕೊಂಡೆ. ಪಕ್ಕಕ್ಕೆ ಸರಿಸಿ ಶಾಫ್ಟಿನಿಂದ ಬಿಡಿಸಿಕೊಳ್ಳಲು ಜಾಗವೇ ಸಾಲಲಿಲ್ಲ. ಡ್ರೈವ್ ಶಾಫ್ಟ್ ಕಿತ್ತು ಎರಡನ್ನೂ ಒಟ್ಟಿಗೆ ಎತ್ತಿ. ಗೇರ್ ಆಯಿಲ್ ಮೊದಲೇ ಇಳಿಸಿ, ಇಲ್ಲದಿದ್ದರೆ ಅಂಗಳಕ್ಕೆಲ್ಲ ಅಭಿಷೇಕ. ಅಮ್ಮ ತುಳಸಿಕಟ್ಟೆಯ ಹತ್ತಿರದ ಆ ಕಲೆಯನ್ನು ಬಂದವರಿಗೆಲ್ಲ ಇವತ್ತಿಗೂ ತೋರಿಸುತ್ತಾರೆ.

ಕ್ಲಚ್ ಸೆಟ್, ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ಆಯಿಲ್ ಸೀಲ್, ಮೌಂಟ್ ರಬ್ಬರ್ ಎಲ್ಲ ಹೊಸದು ಹಾಕಿದೆ. ಅದಕ್ಕೆ 6,500. ಟೆಂಪೋ 2,000. ಒಟ್ಟು 21,500.

ಮೊದಲ ವಾರ ಚೆನ್ನಾಗಿ ಓಡಿತು. ಆಮೇಲೆ ನೀಲಿ ಹೊಗೆ. 1,100 ಕಿಲೋಮೀಟರಿಗೆ ಎರಡು ಲೀಟರ್ ಆಯಿಲ್ ಕುಡಿದಿತ್ತು. ಸಹೋದ್ಯೋಗಿಯ ಹತ್ತಿರ ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ತಂದು ನೋಡಿದೆ: 150, 145, 90 ಪಿಎಸ್‌ಐ. ಮೂರನೇ ಸಿಲಿಂಡರಿಗೆ ಪ್ಲಗ್ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದರೆ 130. ಇದು ಹಳೇ ಪರೀಕ್ಷೆ. ಎಣ್ಣೆ ಬಿಟ್ಟಾಗ ಒತ್ತಡ ಏರಿದರೆ ಪಿಸ್ಟನ್ ಸುತ್ತಲಿನ ರಿಂಗು ಸವೆದಿದೆ, ಏರದಿದ್ದರೆ ವಾಲ್ವ್ ನೋಡಬೇಕು. ಎಣ್ಣೆ ರಿಂಗಿನ ಸಂದು ಮುಚ್ಚಿ ಸ್ವಲ್ಪ ಹೊತ್ತು ಎಂಜಿನ್ನನ್ನು ಒಳ್ಳೆಯದನ್ನಾಗಿ ಮಾಡಿಬಿಡುತ್ತದೆ. ಗೇಜು ಕೈಯಲ್ಲಿ ಹಿಡಿದು ನಿಂತಾಗ ಆ ಜೇನಿನಂಥ ಎಣ್ಣೆ ನೆನಪಾಯಿತು. ಅಂಗಡಿಯವನು ನಾನು ಬರುವ ಮೊದಲೇ ಇದೇ ಪರೀಕ್ಷೆ ಮಾಡಿಟ್ಟಿದ್ದ, ಉತ್ತರ ಮಾತ್ರ ನನಗೆ ಹೇಳಿರಲಿಲ್ಲ!

ಕಾಗದದ ಕಥೆ ಬೇರೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಎಂಜಿನ್ ಬದಲಾದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಆರ್‌ಸಿಯಲ್ಲಿ ಹೊಸ ನಂಬರು ಸೇರಬೇಕು. ಏಜೆಂಟ್ ಕೇಳಿದ ಮೊದಲ ಪ್ರಶ್ನೆ, ಈ ಎಂಜಿನ್ ಯಾವ ಗಾಡಿಯದ್ದು, ಅದರ ಕಾಗದ ಎಲ್ಲಿ? ನನ್ನ ಹತ್ತಿರ ಇದ್ದದ್ದು ಅಂಗಡಿಯ ಹೆಸರೂ ಇಲ್ಲದ ಒಂದು ಚೀಟಿ. ಕದ್ದ ಗಾಡಿಯದ್ದಾದರೆ? ಆ ರಾತ್ರಿ ನಿದ್ದೆ ಬರಲಿಲ್ಲ.

ನಮ್ಮದೇ ಎಂಜಿನ್, ಬೋರಿಂಗ್ ಮಾಡಿಸಿ

ಅಷ್ಟರಲ್ಲಿ ಹಳೇ ಎಂಜಿನ್ ಮೂಲೆಯಲ್ಲಿ ಗೋಣಿಚೀಲ ಹೊದ್ದು ಕೂತಿತ್ತು. ಜೋರು ಮಳೆ ಬೇರೆ. ತಾಡಪಾಲು ಕಟ್ಟಿ ಬಿಚ್ಚಲು ಶುರು ಮಾಡಿದೆ. ಇಲ್ಲಿಂದ ನನ್ನ ಕೆಲಸ, ಅಂದರೆ ಅಳೆಯುವುದು.

ಸಿಲಿಂಡರುಗಳನ್ನು ಮುಚ್ಚುವ ಹೆಡ್ಡಿನ ಮೇಲೆ ಸ್ಟ್ರೇಟ್ ಎಡ್ಜ್ (ನೇರ ಪಟ್ಟಿ) ಇಟ್ಟು, ಸಂದು ಅಳೆಯುವ ತೆಳು ಪಟ್ಟಿ ಫೀಲರ್ ಗೇಜ್ ತೂರಿಸಿದೆ. 0.05 ಮಿಮೀಗಿಂತ ಜಾಸ್ತಿ ಸೊಟ್ಟ ಇರಬಾರದು. ನಮ್ಮದು 0.18. ಘಾಟಿನಲ್ಲಿ ಹೆಂಡತಿಯ ಮಾತು ಕೇಳದ್ದಕ್ಕೆ ಅಳತೆ ಸಿಕ್ಕಿತು. ಎರಡನೇ ಪಿಸ್ಟನ್ ಕೆರೆದು ಸಿಲಿಂಡರಿನಲ್ಲಿ ಉಗುರಿಗೆ ಸಿಗುವಷ್ಟು ಗೀರು. ಮೂಲ ಬೋರು, ಅಂದರೆ ಸಿಲಿಂಡರಿನ ಒಳ ಅಗಲ, 68.5 ಮಿಮೀ. 0.25 ಓವರ್‌ಸೈಜ್‌ನಲ್ಲಿ ಗೀರು ಹೋಗುವ ಹಾಗಿರಲಿಲ್ಲ, 0.50 ತೆಗೆದುಕೊಂಡೆ.

ಇಲ್ಲಿ ಒಂದು ಮಾತು. ಮೊದಲು ಪಿಸ್ಟನ್ ಕೊಳ್ಳಿ, ಅದನ್ನು ಹಿಡಿದುಕೊಂಡು ಲೇತ್ ಅಂಗಡಿಗೆ ಹೋಗಿ, ಆ ಪಿಸ್ಟನ್ ಅಳೆದು ಅದಕ್ಕೆ ತಕ್ಕ ಹಾಗೆ ಬೋರ್ ಮಾಡಲಿ. ಡಬ್ಬಿಯ ಮೇಲಿನ ಸೈಜ್ ನಂಬಿ ಬೋರ್ ಮಾಡಿಸಿ ಆಮೇಲೆ ಪಿಸ್ಟನ್ ಕೊಂಡರೆ ಒಂದೋ ಬಿಗಿ, ಇಲ್ಲ ಸಡಿಲ. ನಾನು ಬೋರ್ ಗೇಜ್ ಕೂಡ ಒಯ್ದಿದ್ದೆ. ಲೇತ್‌ನ ಕಾಕಾ ಅದನ್ನು ನೋಡಿ ನಕ್ಕರು. ಆದರೆ ಒಂದು ಸಿಲಿಂಡರ್ ಮೇಲಿಗಿಂತ ಕೆಳಗೆ ಕೂದಲೆಳೆಯಷ್ಟು ಸಣ್ಣ ಇದೆ ಎಂದು ತೋರಿಸಿದಾಗ ಬಾಯಿ ಮುಚ್ಚಿಕೊಂಡು ಮತ್ತೆ ಹೋನಿಂಗ್ ಮಾಡಿ, ಅಂದರೆ ಒಳಗೆ ಉಜ್ಜಿ ನಯ ಮಾಡಿ, ಕೊಟ್ಟರು, ದುಡ್ಡು ಕೇಳಲಿಲ್ಲ. ಚಿಂಚ್ವಡ, ಭೋಸರಿ ಕಡೆ ಇರುವವರಿಗೆ ಇದೊಂದು ಭಾಗ್ಯ, ನಾಲ್ಕು ಹೆಜ್ಜೆಗೊಂದು ಲೇತ್.

ವಾಲ್ವ್ ಉಜ್ಜುವುದಕ್ಕೇ ಎರಡು ಸಂಜೆ. ಕಡ್ಡಿಗೆ ರಬ್ಬರ್ ಕಪ್ ಇರುತ್ತದಲ್ಲ, ಅದನ್ನು ಅಂಗೈ ನಡುವೆ ಮಜ್ಜಿಗೆ ಕಡೆದ ಹಾಗೆ ತಿರುಗಿಸುತ್ತ ಕೂತರೆ ಹೊತ್ತು ಹೋದದ್ದೇ ತಿಳಿಯಲ್ಲ. ಆಮೇಲೆ ಪೋರ್ಟಿಗೆ ಸೀಮೆಎಣ್ಣೆ ತುಂಬಿ ಒಂದು ರಾತ್ರಿ ಬಿಟ್ಟೆ. ಬೆಳಿಗ್ಗೆ ನೋಡಿದರೆ ಆರು ವಾಲ್ವ್‌ನಲ್ಲಿ ಒಂದು ಮಾತ್ರ ಒಸರಿತ್ತು. ಅದನ್ನು ಮತ್ತೆ ಉಜ್ಜಿದೆ.

ಜೋಡಿಸಿ ಸ್ಟಾರ್ಟ್ ಮಾಡಿದರೆ ಕಾರ್ಬುರೇಟರಿನಿಂದ ಪಟಾಕಿ. ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳಿಗೆ ಕಿಡಿ ಹೋಗುವ ಸರದಿ, 1-3-2 ಸರಿ ಇದೆ, ವೈರು ಸರಿ ಇದೆ, ಟೈಮಿಂಗ್ ಬೆಲ್ಟಿನ ಗುರುತೂ ಸರಿ. ಎರಡು ತಾಸು ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು. ಒಂದನೇ ಪಿಸ್ಟನ್ ಮೇಲೆ ಬಂದದ್ದು ಕಂಪ್ರೆಷನ್‌ನಲ್ಲಲ್ಲ, ಹೊಗೆ ಬಿಡುವ ಹೊತ್ತಿನಲ್ಲಿ, ಆಗ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಕೂರಿಸಿದ್ದೆ. ಪಿಸ್ಟನ್ ಎರಡು ಸಲ ಮೇಲೆ ಬರುತ್ತದೆ, ಕಿಡಿ ಬೇಕಾದದ್ದು ಒಂದು ಸಲ. ಕಿತ್ತು ಅರ್ಧ ಸುತ್ತು ತಿರುಗಿಸಿ ಕೂರಿಸಿದ್ದೇ ತಡ, ಒಂದೇ ಸೆಲ್ಫ್ ಸ್ಟಾರ್ಟಿಗೆ ಎದ್ದಿತು.

ಲೆಕ್ಕ: 26,000 ರೂಪಾಯಿ, ಆರು ಶನಿವಾರ, ಆರು ಭಾನುವಾರ. ಗುಜರಿಯದ್ದು ಎರಡೇ ದಿನ. ಆದರೆ ಕಂಪ್ರೆಷನ್ ಈಗ 175, 175, 170. ಹೈವೇಯಲ್ಲಿ ಲೀಟರಿಗೆ 17 ಬರುತ್ತದೆ, ಗುಜರಿಯದ್ದು 13 ದಾಟಲಿಲ್ಲ. ಮೊದಲ 500 ಕಿಲೋಮೀಟರ್ ಮೆಲ್ಲಗೆ ಓಡಿಸಿ ಆಯಿಲ್ ಬದಲಿಸಿದೆ, ಆಮೇಲೆ ಡಿಪ್‌ಸ್ಟಿಕ್ ನೋಡಿ ನೋಡಿ ನನಗೇ ಬೇಜಾರು, ಮಟ್ಟ ಇಳಿಯುವುದೇ ಇಲ್ಲ. ಬ್ಲಾಕ್ ಅದೇ, ಅದರ ಮೇಲಿನ ಎಂಜಿನ್ ನಂಬರೂ ಅದೇ, ಆರ್‌ಟಿಒ ಚಿಂತೆ ಮಾಯ. ಆರ್‌ಸಿಯನ್ನು 2022ರಲ್ಲಿ 5,000 ಫೀ ಕಟ್ಟಿ ಐದು ವರ್ಷಕ್ಕೆ ಮಾಡಿಸಿದ್ದೆ. ಮತ್ತೆ 2027ಕ್ಕೆ ಹೋದಾಗ ಇನ್ಸ್‌ಪೆಕ್ಟರ್ ಬಗ್ಗಿ ನಂಬರು ನೋಡಲಿ ಬಿಡಿ.

ಆಲ್ಟೋ ಎಂಜಿನ್

ಭಾವನಿಗೆ ಇದೆಲ್ಲ ಮುದುಕರ ಕೆಲಸ. "ತಮ್ಮಾ, ಹನ್ನೆರಡು ವಾಲ್ವಿಂದು ಹಾಕೋಣು, ಮಜಾ ನೋಡು" ಎಂದರು. 796 ಸಿಸಿಯೇ, ಆದರೆ ಸಿಲಿಂಡರಿಗೆ ನಾಲ್ಕು ವಾಲ್ವ್, ಎಂಪಿಎಫ್‌ಐ. ಕಾರ್ಬುರೇಟರ್ 800ರದ್ದು 37 ಬಿಎಚ್‌ಪಿ, ಇದು 45ರ ಮೇಲೆ. ಹಿಂದಿನಿಂದ ಗುದ್ದಿಸಿಕೊಂಡ ಒಂದು ಆಲ್ಟೋ ಪೂರ್ತಿ ಸಿಕ್ಕಿತು. ಈ ಸಲ ನಾನು ಬುದ್ಧಿವಂತ. ಗಾಡಿಯಲ್ಲಿ ಇರುವಾಗಲೇ ಸ್ಟಾರ್ಟ್ ಮಾಡಿಸಿ, ಬಿಸಿ ಆದ ಮೇಲೆ ಮೂರೂ ಪ್ಲಗ್ ಬಿಚ್ಚಿ ಗೇಜ್ ಹಾಕಿ ನೋಡಿಯೇ ದುಡ್ಡಿನ ಮಾತು. ಹಾಗಾಗಿ ಎಂಜಿನ್ ವಿಷಯದಲ್ಲಿ ಒಂದು ತಕರಾರೂ ಇಲ್ಲ.

ತಕರಾರು ಉಳಿದದ್ದರಲ್ಲಿ. ಎಂಜಿನ್, ಐದು ಗೇರಿನ ಡಬ್ಬಿ ಒಳಗೆ ಕೂತದ್ದು ಒಂದೇ ದಿನಕ್ಕೆ. ವೈರಿಂಗ್‌ಗೆ ಒಂಬತ್ತು ಭಾನುವಾರ! ಇಸಿಎಂ (ಎಂಜಿನ್ನಿನ ಕಂಪ್ಯೂಟರ್) ಬೇಕು, ಪೂರ್ತಿ ಹಾರ್ನೆಸ್ (ವೈರುಗಳ ಕಟ್ಟು) ಬೇಕು, ಎಲೆಕ್ಟ್ರಿಕ್ ಪೆಟ್ರೋಲ್ ಪಂಪ್ ಬೇಕು, ಒತ್ತಡ ತಡೆಯುವ ಪೈಪು ಬೇಕು. ಕೀಯ ಒಳಗಿನ ಚಿಪ್ಪನ್ನು ಇಸಿಎಂ ಗುರುತಿಸದಿದ್ದರೆ ಎಂಜಿನ್ ಸುಮ್ನೆ ತಿರುಗುತ್ತದೆ, ಹತ್ತಿಕೊಳ್ಳಲ್ಲ. ಪುಣ್ಯಕ್ಕೆ ಪೂರ್ತಿ ಗಾಡಿ ಕೊಂಡಿದ್ದರಿಂದ ಕೀ ಸಮೇತ ಬಂತು. ಬರೀ ಎಂಜಿನ್ ಕೊಂಡಿದ್ದರೆ ಇಷ್ಟಕ್ಕೇ ಇನ್ನೊಂದು ತಿಂಗಳು. ಖರ್ಚು 38,000 ದಾಟಿದ ಮೇಲೆ ಭಾವ ಬರೆದಿಡುವುದನ್ನೇ ಬಿಟ್ಟರು.

ಓಡಿಸಲು ಮಾತ್ರ ಮೂರರಲ್ಲಿ ಇದೇ ರಾಜ. ಚೋಕ್ ಎಳೆಯುವ ಗೋಳಿಲ್ಲ, ನನ್ನ ಕಾರು ಎರಡನೇ ಗೇರಿಗೆ ಇಳಿಯುವ ಏರನ್ನು ಇದು ಮೂರರಲ್ಲೇ ಹತ್ತುತ್ತದೆ. ಆದರೆ ಬ್ರೇಕ್ ಹಳೇ 800ರದ್ದೇ, ಇಳಿಯುವಾಗ ನಾನು ಕಾಲನ್ನು ನೆಲಕ್ಕೆ ಒತ್ತಿ ಹಿಡಿದು ಕೂತಿದ್ದೆ. ಮತ್ತೆ ಕಾಗದ. ಬೇರೆ ಮಾದರಿಯ ಎಂಜಿನ್ ಹಾಕುವಾಗ ಆರ್‌ಟಿಒ ಒಪ್ಪಿಗೆ ಮೊದಲೇ ತೆಗೆದುಕೊಳ್ಳಬೇಕು, ಇನ್ಶೂರೆನ್ಸ್‌ನವರಿಗೂ ಹೇಳಬೇಕು. ಭಾವ ಹಾಕಿ ಆದ ಮೇಲೆ ಕೇಳಲು ಹೋದರು. ಕಾರು ಈಗ ಅವರ ಗೇಟಿನೊಳಗೇ ಹಿಂದೆ ಮುಂದೆ ಓಡಾಡಿಕೊಂಡಿದೆ.

ಎತ್ತಿದ್ದು ಹೇಗೆ

ಇದರಲ್ಲೂ ಮೂರು ಬಗೆ ನೋಡಿಯಾಯಿತು. ಮೊದಲ ಸಲ ಎರಡಿಂಚಿನ ಪೈಪಿಗೆ ಹಗ್ಗ ಕಟ್ಟಿ ನಾನು, ಭಾವ ಹೆಗಲ ಮೇಲೆ ಎತ್ತಿದೆವು. 800ರ ಎಂಜಿನ್ ಅಷ್ಟು ಹಗುರ, ಗ್ಯಾರೇಜಿನ ಹುಡುಗರು ದಿನಾ ಹೀಗೇ ಎತ್ತುತ್ತಾರೆ. ಆದರೆ ಗೇರ್‌ಬಾಕ್ಸ್ ಸೇರಿದಾಗ ಹಗ್ಗ ಒಂದು ಕಡೆ ಜಾರಿ ಭಾವನ ಕಾಲಿನಿಂದ ಒಂದು ಗೇಣು ದೂರ ಬಿತ್ತು. ಇದು ಬೇಡವೇ ಬೇಡ. ಎರಡನೇ ಸಲ ಬಾಡಿಗೆಗೆ ಎಂಜಿನ್ ಕ್ರೇನ್ ತಂದೆ, ದಿನಕ್ಕೆ 800. ನಮ್ಮ ಅಂಗಳದ ಏರುಪೇರು ಫರ್ಸಿಯ ಮೇಲೆ ಅದರ ಸಣ್ಣ ಗಾಲಿ ಉರುಳಲೇ ಇಲ್ಲ. ಸಿಮೆಂಟ್ ನೆಲ ಇದ್ದವರಿಗೆ ಸರಿ. ಮೂರನೇ ಸಲ ಭಾನುವಾರ ಪುಣೆಯ ಜುನಾ ಬಾಜಾರಿಗೆ ಹೋಗಿ ಒಂದು ಟನ್ನಿನ ಚೈನ್ ಪುಲ್ಲಿ 1,400ಕ್ಕೆ ಚೌಕಾಸಿ ಮಾಡಿ ತಂದು, ಮೂರು ದಪ್ಪ ಪೈಪಿನ ತಿಕಾಟಿ ಕಟ್ಟಿ ತೂಗು ಹಾಕಿದೆ. ಎಂಜಿನ್ ಗಾಳಿಯಲ್ಲಿ ನೇತಾಡುತ್ತಿರುತ್ತದೆ, ನೀವು ಕಾರನ್ನೇ ಹಿಂದಕ್ಕೆ ತಳ್ಳಬೇಕು, ಅಷ್ಟೇ. ಒಬ್ಬನೇ ಇದ್ದರೂ ಬೆರಳಿನಷ್ಟು ಬೆರಳಿನಷ್ಟೇ ಇಳಿಸಬಹುದು, ಮೌಂಟಿನ ತೂತಿಗೆ ಬೋಲ್ಟ್ ಸರಿಹೊಂದಿಸುವಾಗ ಅದು ಬಹಳ ಮುಖ್ಯ.

ಆ ಗುಜರಿ ಎಂಜಿನ್ ಕೊನೆಗೆ ಬಿಚ್ಚಿ ನೋಡಿದೆ. ಮೂರನೇ ಪಿಸ್ಟನ್ನಿನ ಮೇಲಿನ ರಿಂಗು ಎರಡು ತುಂಡು. ಸ್ಟಾರ್ಟರ್, ಕಾರ್ಬುರೇಟರ್, ಆಲ್ಟರ್ನೇಟರ್ ಮಾತ್ರ ಚೆನ್ನಾಗಿದ್ದವು, ಬಟ್ಟೆ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದೇನೆ. ಬ್ಲಾಕನ್ನು ನಮ್ಮ ಓಣಿಗೆ ಬರುವ, ಗುಜರಿ ಕೊಳ್ಳುವ ಭಂಗಾರವಾಲಾನಿಗೆ ಕೊಟ್ಟೆ. ಅವನು ಒಂದು ಕೈಯಿಂದ ಅಲ್ಲಾಡಿಸಿ ನೋಡಿ, ತಕ್ಕಡಿಗೆ ಹಾಕಿ, ಕಿಲೋ ಲೆಕ್ಕದಲ್ಲಿ ದುಡ್ಡು ಕೊಟ್ಟು ಹೋದ.