ಬೊಜ್ಜು ಕರಗಿಸುವ ಸೊಂಟಪಟ್ಟಿ: ಮೂರು ವಾರ ಬಳಸಿದ ಮೇಲೆ

ಹೊಟ್ಟೆಯ ಬೊಜ್ಜನ್ನು ಕರಗಿಸುತ್ತದೆ ಎಂದು ಆನ್‌ಲೈನ್‌ನಲ್ಲಿ ಮಾರುವ ‘ಸ್ವೆಟ್ ಬೆಲ್ಟ್’ ಒಂದನ್ನು 749 ರೂಪಾಯಿ ಕೊಟ್ಟು ತರಿಸಿಕೊಂಡು, ಮೂರು ವಾರ ದಿನವೂ ಬೆಳಿಗ್ಗೆ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುವಾಗ ಕಟ್ಟಿಕೊಂಡೆ. ತಯಾರಿಕೆಯಲ್ಲಿ ದೂರುವಂಥದ್ದು ಹೆಚ್ಚೇನಿಲ್ಲ: ನಿಯೋಪ್ರೀನ್ ರಬ್ಬರು ದಪ್ಪವಾಗಿದೆ, ಅಂಚಿನ ಹೊಲಿಗೆ ಬಿಟ್ಟಿಲ್ಲ, ವೆಲ್ಕ್ರೋ ಮಾತ್ರ ಕುರ್ತಾದ ನೂಲನ್ನು ಎಳೆಯುತ್ತದೆ. ನನ್ನ ತಕರಾರು ಇರುವುದು ‘ಕೊಬ್ಬು ಬೆವರಾಗಿ ಹರಿಯುತ್ತದೆ’ ಎಂದು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿರುವ ಭರವಸೆಯ ಬಗ್ಗೆ.

ಮೊದಲ ದಿನ ಮನೆಗೆ ಬಂದು ಪಟ್ಟಿ ಬಿಚ್ಚಿದಾಗ ಒಳಮೈಯಿಂದ ಬೆವರು ತೊಟ್ಟಿಕ್ಕುತ್ತಿತ್ತು, ತೂಕದ ಯಂತ್ರದಲ್ಲಿ 64.2 ಕಿಲೋ ಇದ್ದದ್ದು 63.6ಕ್ಕೆ ಇಳಿದಿತ್ತು. ನಿಜವಾಗಿಯೂ ಸಂತೋಷಪಟ್ಟೆ. ಆದರೆ ಎರಡು ಲೋಟ ನೀರು ಕುಡಿದು ತಿಂಡಿ ತಿಂದ ಮೇಲೆ ಮತ್ತೆ ತೂಗಿದರೆ ಇಳಿದದ್ದೆಲ್ಲ ಹಿಂದಿರುಗಿತ್ತು. ಸೊಂಟದ ಸುತ್ತಳತೆಯೂ ಹಾಗೆಯೇ: ಬಿಚ್ಚಿದ ಕೂಡಲೇ ಒಂದು ಇಂಚು ಕಡಿಮೆ, ಚರ್ಮದ ಮೇಲಿನ ಕೆಂಪು ಗೆರೆ ಮಾಯವಾಗುವ ಹೊತ್ತಿಗೆ ಮೊದಲಿನಷ್ಟೇ.

ಬೆವರು ದೇಹವನ್ನು ತಂಪಾಗಿಡಲು ಹೊರಬರುವ ನೀರು ಮತ್ತು ಉಪ್ಪು. ಅದರಲ್ಲಿ ಕರಗಿದ ಕೊಬ್ಬು ಇರುವುದಿಲ್ಲ. ದೇಹ ಹತ್ತು ಕಿಲೋ ಕೊಬ್ಬನ್ನು ಉರಿಸಿದರೆ ಅದರಲ್ಲಿ ಸುಮಾರು 8.4 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನ ಮೂಲಕವೇ ಹೊರಹೋಗುತ್ತದೆ, ಉಳಿದದ್ದು ನೀರಾಗುತ್ತದೆ. ಇನ್ನು ಬಿಸಿ ಮಾಡಿದ ಜಾಗದ ಕೊಬ್ಬೇ, ದಣಿಸಿದ ಜಾಗದ ಕೊಬ್ಬೇ ಕರಗುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. 1971ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಟೆನಿಸ್ ಆಟಗಾರರ ಎರಡೂ ಮುಂಗೈಗಳನ್ನು ಅಳೆದು ನೋಡಿದ್ದರು. ರಾಕೆಟ್ ಹಿಡಿಯುವ ಕೈಯ ಸ್ನಾಯು ಬೆಳೆದಿತ್ತು, ಚರ್ಮದಡಿಯ ಕೊಬ್ಬಿನ ಪದರ ಮಾತ್ರ ಎರಡರಲ್ಲೂ ಒಂದೇ ದಪ್ಪವಿತ್ತು.

ಹಣ ಹೋಯಿತು ಎಂಬುದಷ್ಟೇ ಆಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಬೆವರು ಆವಿಯಾದರೆ ಮಾತ್ರ ಮೈ ತಣಿಯುತ್ತದೆ, ರಬ್ಬರಿನ ಅಡಿಯಲ್ಲಿ ಅದು ಆವಿಯಾಗುವುದೇ ಇಲ್ಲ. 1997ರಲ್ಲಿ ಅಮೆರಿಕದಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ಸ್ಪರ್ಧೆಗೆ ಮುನ್ನ ಬೆವರಿಳಿಸಿ ತೂಕ ಇಳಿಸಲು ಹೋಗಿ ಸತ್ತರು, ಆಮೇಲೆ ಅಲ್ಲಿನ ಕಾಲೇಜು ಕುಸ್ತಿಯಲ್ಲಿ ರಬ್ಬರ್ ಉಡುಪನ್ನು ನಿಷೇಧಿಸಲಾಯಿತು. ಸೊಂಟಕ್ಕೊಂದು ಪಟ್ಟಿ ಅಷ್ಟು ಅಪಾಯಕಾರಿಯಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೂ ರಕ್ತದೊತ್ತಡಕ್ಕೆಂದು ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರು ಏಪ್ರಿಲ್ ಬಿಸಿಲಿನಲ್ಲಿ ಇದನ್ನು ಕಟ್ಟಿಕೊಂಡು, ತೂಕ ಮತ್ತೆ ಏರುತ್ತದೆಂದು ನೀರನ್ನೂ ಕುಡಿಯದಿರುವುದನ್ನು ನೆನೆದರೆ ನನಗೆ ಭಯವಾಗುತ್ತದೆ.

ಒಳ ಉಡುಪಿನ ಸಾಲಿಗೆ ಸೇರುವ ವಸ್ತುವೆಂದು ಮಾರಾಟಗಾರರು ಹಿಂದಕ್ಕೆ ಪಡೆಯಲಿಲ್ಲ. ಹೊಲಿಗೆ ಗಟ್ಟಿಯಾಗಿರುವುದರಿಂದ ಐದರಲ್ಲಿ ಒಂದು ಅಂಕ ಕೊಡುತ್ತೇನೆ. ಪಟ್ಟಿ ಬಿಟ್ಟ ಮೇಲೆ ಹೊಟ್ಟೆ ತುಂಬ ಉಸಿರೆಳೆಯಲು ಸಾಧ್ಯವಾಗಿ, ಅದೇ ಏರಿಯ ಮೇಲೆ ಹತ್ತು ನಿಮಿಷ ಹೆಚ್ಚು ನಡೆಯುತ್ತಿದ್ದೇನೆ.