ಮೂರು ವರ್ಷ ಬಳಸಿದ ಎಬಿಜಿ ಮಷೀನು: ಬಾಣದ ಗುರುತನ್ನೇ ನಂಬಬೇಡಿ

ರಾಯಚೂರು ಕಡೆಯ ಆರು ಬೆಡ್ಡಿನ ಐಸಿಯು ನಮ್ಮದು. ನಾನು ಅನಸ್ತೇಷಿಯಾ ಡಾಕ್ಟರ್. ಮೂರು ವರ್ಷದ ಹಿಂದೆ ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಎಬಿಜಿ ಮಷೀನು, ಅಂದರೆ ಅಪಧಮನಿಯ ರಕ್ತದಲ್ಲಿ ಆಮ್ಲ, ಆಕ್ಸಿಜನ್, ಇಂಗಾಲದ ಡೈಆಕ್ಸೈಡ್ ಎಷ್ಟಿದೆ ಅಂತ ಅಳೆಯುವ ಮಷೀನು, ತಗೊಂಡೆವು. ಅದಕ್ಕೂ ಮುಂಚೆ ರಕ್ತ ತೆಗೆದ ಸಿರಿಂಜನ್ನು ಐಸಿನಲ್ಲಿಟ್ಟು ಬೈಕಿನಲ್ಲಿ ಹೊರಗಿನ ಲ್ಯಾಬಿಗೆ ಕಳಿಸುತ್ತಿದ್ದೆವು. ರಿಪೋರ್ಟ್ ಕೈಗೆ ಬರುವಷ್ಟರಲ್ಲಿ ರೋಗಿಯ ಸ್ಥಿತಿಯೇ ಬೇರೆ ಆಗಿರುತ್ತಿತ್ತು. ಈಗ ಕಾರ್ಟ್ರಿಡ್ಜಿಗೆ (ಒಂದೇ ಸಲ ಬಳಸಿ ಎಸೆಯುವ ಚಿಕ್ಕ ಡಬ್ಬಿ) ಎರಡು ಮೂರು ಹನಿ ರಕ್ತ ಹಾಕಿ ಒಳಗೆ ತೂರಿಸಿದರೆ ಎರಡೇ ನಿಮಿಷ. ಇದೊಂದಕ್ಕೇ ಈ ಮಷೀನಿನ ಮೇಲೆ ನನಗೆ ತುಂಬ ಪ್ರೀತಿ.

ಆದರೆ ಇದು ಕೊಡುವುದು ನಂಬರ್ ಮಾತ್ರ. ನಾರ್ಮಲ್‌ಗಿಂತ ಜಾಸ್ತಿ ಇದ್ದರೆ ಪಕ್ಕದಲ್ಲಿ ಮೇಲ್ಮುಖದ ಬಾಣ, ಕಮ್ಮಿ ಇದ್ದರೆ ಕೆಳಮುಖದ ಬಾಣ. ಆ ಬಾಣ ಎಷ್ಟು ದಾರಿ ತಪ್ಪಿಸುತ್ತದೆ ಅಂತ ಒಂದು ರಾತ್ರಿ ಕಣ್ಣಾರೆ ಕಂಡೆ.

ಸಕ್ಕರೆ ಕಾಯಿಲೆಯ ಹುಡುಗ, ಇನ್ಸುಲಿನ್ ಬಿಟ್ಟಿದ್ದ. ಎರಡು ದಿನದಿಂದ ವಾಂತಿ, ಜೊತೆಗೆ ಕೆಮ್ಮು, ಜ್ವರ. ಪಿಎಚ್ (ಇಳಿದಷ್ಟೂ ರಕ್ತದಲ್ಲಿ ಆಮ್ಲ ಜಾಸ್ತಿ) 7.02, ಸಿಓಟು (ಉಸಿರಿನಲ್ಲಿ ಹೊರಹೋಗುವ ಇಂಗಾಲದ ಡೈಆಕ್ಸೈಡ್) 28, ಬೈಕಾರ್ಬ್ (ಆಮ್ಲವನ್ನು ತಗ್ಗಿಸುವ ಕ್ಷಾರ) 7. ಮೂರಕ್ಕೂ ಕೆಳಮುಖದ ಬಾಣ. ಡ್ಯೂಟಿ ಡಾಕ್ಟರ್ ಫೋನ್ ಮಾಡಿ, "ಮೇಡಂ, ಸಿಓಟು ಕಮ್ಮಿನೇ ಇದೆ, ಉಸಿರಾಟದ ಚಿಂತೆ ಇಲ್ಲ" ಅಂದರು. ನಾನು ಲೆಕ್ಕ ಹಾಕಿದೆ. ಬೈಕಾರ್ಬನ್ನು ಒಂದೂವರೆಯಿಂದ ಗುಣಿಸಿ 8 ಕೂಡಿದರೆ 18.5. ಎರಡು ಆಚೆ ಈಚೆ ಇರಬಹುದು. ಅಂದರೆ ಅಷ್ಟು ಆಮ್ಲ ತುಂಬಿದ ಮೈ ಜೋರಾಗಿ ಉಸಿರಾಡಿ ಸಿಓಟುವನ್ನು ಹತ್ತಿರಹತ್ತಿರ 18ಕ್ಕೆ ಇಳಿಸಿರಬೇಕಿತ್ತು. 28 ಅವನ ಪಾಲಿಗೆ ಜಾಸ್ತಿ! ಓಡಿ ಹೋಗಿ ನೋಡಿದರೆ ಹುಡುಗ ಸುಸ್ತಾಗಿದ್ದ. ಕತ್ತಿನ ಸ್ನಾಯು ಎಳೆಯುತ್ತಿದ್ದವು, ಮಾತು ಒಂದೊಂದೇ ಪದ. ಬಲಗಡೆ ನ್ಯುಮೋನಿಯಾ ಇತ್ತು. ಸಮಯಕ್ಕೆ ಗೊತ್ತಾಯಿತು, ಬದುಕಿದ.

ಇದು ಹಳೇ ಪಾಠವೇ. 1952ರಲ್ಲಿ ಕೋಪನ್‌ಹೇಗನ್ನಿನಲ್ಲಿ ಪೋಲಿಯೊ ಹರಡಿದಾಗ ರೋಗಿಗಳ ರಕ್ತದಲ್ಲಿ ಬೈಕಾರ್ಬ್ ಜಾಸ್ತಿ ಕಂಡಿತ್ತು. ಅದನ್ನು ಆಲ್ಕಲೋಸಿಸ್, ಅಂದರೆ ರಕ್ತದಲ್ಲಿ ಕ್ಷಾರ ಹೆಚ್ಚಾದದ್ದು, ಅಂದುಕೊಂಡಿದ್ದರು. ಉಸಿರು ಸಾಲದೆ ಸಿಓಟು ತುಂಬಿಕೊಂಡಿದೆ ಅಂತ ಹೇಳಿದ್ದು ಅನಸ್ತೇಷಿಯಾ ಡಾಕ್ಟರ್ ಬ್ಯೋರ್ನ್ ಇಬ್ಸೆನ್. ಪಿಎಚ್ ಅಳೆದಾಗ ಅವರ ಮಾತೇ ನಿಜವಾಯಿತು. ಒಂದೇ ನಂಬರ್ ನೋಡಿದರೆ ಹೀಗೇ ಆಗುವುದು, ಅಲ್ವಾ?

ಇದರ ತದ್ವಿರುದ್ಧವೂ ಉಂಟು. ವರ್ಷಗಟ್ಟಲೆ ಬೀಡಿ ಸೇದಿದ ಅಜ್ಜನಿಗೆ ಸಿಓಟು 60, ಬೈಕಾರ್ಬ್ 33, ಪಿಎಚ್ ಮಾತ್ರ ನಾರ್ಮಲ್, 7.36. ಎರಡು ಮೇಲ್ಮುಖದ ಬಾಣ ನೋಡಿ ಗಾಬರಿಯಾಗಬೇಡಿ. ಆರಾಮಾಗಿ ಕೂತು ಚಹಾ ಕುಡಿಯುತ್ತಿದ್ದರೆ ಅದು ಅವರ ಎಂದಿನ ಲೆಕ್ಕ.

ಇನ್ನು ಸ್ಯಾಂಪಲ್. ಒಮ್ಮೆ ಆಕ್ಸಿಜನ್ ಹಾಕದ ರೋಗಿಗೆ ಪಿಓಟು (ರಕ್ತದಲ್ಲಿನ ಆಕ್ಸಿಜನ್ನಿನ ಒತ್ತಡ) 130 ಬಂತು. ಬರೀ ಗಾಳಿ ಉಸಿರಾಡುವವರಿಗೆ ಅಷ್ಟು ಬರಲು ಸಾಧ್ಯವೇ ಇಲ್ಲ. ಸಿರಿಂಜಿನಲ್ಲಿ ಗಾಳಿಗುಳ್ಳೆ ಉಳಿದಿತ್ತು. ಈಗ ನಮ್ಮ ಸಿಸ್ಟರ್ ಸಿರಿಂಜನ್ನು ನೆಟ್ಟಗೆ ಹಿಡಿದು, ಉಗುರಿನಿಂದ ತಟ್ಟಿ, ಗುಳ್ಳೆ ಮೇಲೆ ಬಂದ ಕೂಡಲೇ ಹತ್ತಿಯೊಳಗೆ ತಳ್ಳಿ, ಆಮೇಲೆ ಎರಡು ಅಂಗೈ ನಡುವೆ ಬತ್ತಿ ಹೊಸೆದ ಹಾಗೆ ಉರುಳಿಸುತ್ತಾರೆ. ರಕ್ತ ಹೆಪ್ಪುಗಟ್ಟದಂತೆ ಹಾಕುವ ಹೆಪಾರಿನ್ ಸಿರಿಂಜಿನ ಗೋಡೆಗೆ ಸವರಿದಷ್ಟಿದ್ದರೆ ಸಾಕು. ಜಾಸ್ತಿ ಉಳಿದರೆ ರಕ್ತ ತೆಳುವಾಗಿ ಬೈಕಾರ್ಬ್, ಸಿಓಟು ಎರಡೂ ಸುಳ್ಳುಸುಳ್ಳೇ ಇಳಿಯುತ್ತವೆ. ಮಣಿಕಟ್ಟಿನಲ್ಲಿ ಚುಚ್ಚಿದ ಜಾಗವನ್ನು ಐದು ನಿಮಿಷ ಒತ್ತಿ ಹಿಡಿಯುವುದಂತೂ ಬಿಡಲೇಬಾರದು.

ತೊಂದರೆ ಅಂದರೆ ಬಿಸಿಲು. ಈ ಮಷೀನು 16ರಿಂದ 30 ಡಿಗ್ರಿಯೊಳಗೆ ಮಾತ್ರ ಕೆಲಸ ಮಾಡುತ್ತದೆ. ನಮ್ಮಲ್ಲಿ ಮೇ ತಿಂಗಳು ಹೊರಗೆ 40 ದಾಟುತ್ತದೆ. ಕರೆಂಟು ಹೋಗಿ ಎಸಿ ನಿಂತರೆ ಪರದೆಯ ಮೇಲೆ ತಾಪಮಾನದ ಎರರ್, ಮುಂದೆ ಏನೂ ಇಲ್ಲ. ಬೇಕೇಬೇಕಾದ ಹೊತ್ತಲ್ಲಿ ಎರಡು ಸಲ ಹೀಗಾಗಿ ಕಣ್ಣಲ್ಲಿ ನೀರು ಬಂದಿತ್ತು. ಕಾರ್ಟ್ರಿಡ್ಜಿಗೆ ಫ್ರಿಜ್ ಬೇಕು, ತೆಗೆದ ಮೇಲೆ ಐದು ನಿಮಿಷ ಹೊರಗಿಡಬೇಕು. ಅದರ ಖರ್ಚು ರೋಗಿಯ ಮನೆಯವರ ಮೇಲೆ ಬೀಳುತ್ತದೆ, ಹಾಗಾಗಿ ಸುಮ್ನೆ ದಿನಕ್ಕೆ ನಾಲ್ಕು ಸಲ ಮಾಡಿಸುವುದನ್ನು ನಾನು ಒಪ್ಪುವುದಿಲ್ಲ. ನಾವು ತರಿಸುವ ಕಾರ್ಟ್ರಿಡ್ಜಿನಲ್ಲಿ ಕ್ಲೋರೈಡ್ ಅಳೆಯಲು ಬರುವುದಿಲ್ಲ. ಆನಯಾನ್ ಗ್ಯಾಪ್ (ಸೋಡಿಯಂನಿಂದ ಕ್ಲೋರೈಡ್, ಬೈಕಾರ್ಬ್ ಕಳೆದ ಲೆಕ್ಕ) ಬೇಕಂದರೆ ಈಗಲೂ ಲ್ಯಾಬಿಗೇ ಕಾಯಬೇಕು.

ಇಷ್ಟಾದರೂ ಚಿಕ್ಕ ಊರಿನ ಐಸಿಯುಗಳಿಗೆ ತಗೊಳ್ಳಿ ಅಂತಲೇ ಹೇಳುತ್ತೇನೆ. ನಾವು ಎರಡನೆಯದನ್ನು ಕೇಳಿದ್ದೇವೆ. ಈ ಸಲ ಫ್ರಿಜ್ಜಿಗೆ ಮತ್ತು ಮಷೀನಿಟ್ಟ ರೂಮಿನ ಎಸಿಗೆ ಜನರೇಟರ್ ಲೈನ್ ಎಳೆಸಿದ ಮೇಲೇ ಡಬ್ಬ ಬಿಚ್ಚುವುದು. ಒಂದೂವರೆಯ ಲೆಕ್ಕವನ್ನು ದಪ್ಪ ಅಕ್ಷರದಲ್ಲಿ ಬರೆದು ಮಷೀನಿನ ಮೇಲಿನ ಗೋಡೆಗೆ ಆಗಲೇ ಅಂಟಿಸಿದ್ದೇವೆ.